ಮೂಗಿನ ಕೆಳಗೊಂದು ಸ್ಟೀಲ್ ತಟ್ಟೆ

ಕೋಲಾರ
ಭಾನುವಾರ ಮಧ್ಯಾಹ್ನ

ಅಮ್ಮಣ್ಣಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಎರಡು ಫೋಟೋ ನೋಡಿದೆ. ಎಡಗಡೆಯದು ನೀನು. ಬಲಗಡೆಯದೂ ನೀನೇ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದ ಮೇಲೆ ಗೊತ್ತಾಯಿತು. ಆ ಆ್ಯಪು ನಿನ್ನ ಮೂಗನ್ನು ಮಾತ್ರ ನೆಟ್ಟಗೆ ಮಾಡಿ ಸುಮ್ಮನಾಗಿಲ್ಲ ಕಣೇ. ಗಲ್ಲ ಸಣ್ಣದಾಗಿದೆ, ಕಣ್ಣು ದೊಡ್ಡದಾಗಿದೆ, ಮೈಬಣ್ಣಕ್ಕೆ ಹಾಲು ಬೆರೆಸಿದೆ. ಬೆಳಗಿನ ಐದೂವರೆಗೆ ಜಡೆ ಹೆಣೆಯುತ್ತಲೇ ನರಸಾಪುರದ ಫ್ಯಾಕ್ಟರಿ ಬಸ್ಸಿಗೆ ಓಡುವ ಹುಡುಗಿ ಅದರೊಳಗೆ ಎಲ್ಲೂ ಸಿಗಲಿಲ್ಲ. ಕೆಳಗೆ ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನವರು ಕೊಟ್ಟ ಲೆಕ್ಕದ ಚೀಟಿ, 24 ಕಂತು, ಮೊದಲ ಕಂತಿಗೆ ಬಡ್ಡಿ ಇಲ್ಲವಂತೆ.

ನಿಮ್ಮಮ್ಮ ಅಳುತ್ತಿದ್ದಳು. "ಅಕ್ಕಾ, ಅವಳು ನಿನ್ನ ಮಾತು ಕೇಳ್ತಾಳೆ. ಬೇಡ ಅಂತ ಒಂದು ಮಾತು ಹೇಳಿಬಿಡು" ಅಂದಳು. ನಾನು ಆ ಮಾತು ಹೇಳಲಾರೆ. ಯಾಕೆ ಅನ್ನುವುದು ನನ್ನ ಕಿವಿಯಲ್ಲೇ ಇದೆ. ಮುಂದಿನ ಸಲ ಬಂದಾಗ ಓಲೆ ತೆಗೆದು ತೋರಿಸುತ್ತೇನೆ.

ನಿನ್ನ ಅಕ್ಕನ ಮದುವೆ ನಿಶ್ಚಯವಾದ ವರ್ಷದ ಮಾತು. ನಮ್ಮಜ್ಜಿಯ ಏಳುಕಲ್ಲಿನ ಓಲೆ ಪೆಟ್ಟಿಗೆಯಲ್ಲಿತ್ತು, ಹಾಕಿಕೊಳ್ಳಲು ಕಿವಿ ಇರಲಿಲ್ಲ. ಭಾರಕ್ಕೆ ಜಗ್ಗಿ ಜಗ್ಗಿ ಎಡಗಿವಿಯ ತೂತು ಪೂರಾ ಸೀಳಿಹೋಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಹಾಗಿದ್ದೂ ನಮ್ಮ ಡಾಕ್ಟರನ್ನು ಕೇಳಲು ನಾಚಿಕೆ. ಐವತ್ತೇಳು ವರ್ಷಕ್ಕೆ ಇದೇನು ಚಂದದ ಹುಚ್ಚು ಅಂದುಕೊಂಡಾರು ಅಂತ. ಅದಕ್ಕೆ, "ಹೊಲಿಗೆಯಿಲ್ಲದೆ ಐದೇ ನಿಮಿಷದಲ್ಲಿ ಕಿವಿ ಮುಚ್ಚಲಾಗುವುದು" ಅನ್ನುವ ಬೋರ್ಡು ನೋಡಿಕೊಂಡು ಒಂದು ಕಡೆ ಹೋದೆ. ಏನೋ ಒಂದು ದ್ರವ ಸವರಿದರು. ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿ. ಅಂಟಿಕೊಂಡಂತೆ ಕಂಡಿತು, ಮೂರು ವಾರಕ್ಕೆ ಬಿಟ್ಟುಕೊಂಡಿತು, ಮೇಲೆ ಒಂದು ಕಪ್ಪು ಗಾಯದ ಕಲೆ ಲಾಭ.

ಆಮೇಲೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆ. ಅವರು ಬೈದರು, ಬೈಸಿಕೊಂಡೆ. ವಾಸಿಯಾದ ಚರ್ಮ ಇನ್ನೊಂದು ವಾಸಿಯಾದ ಚರ್ಮಕ್ಕೆ ಯಾವತ್ತೂ ಕೂಡಿಕೊಳ್ಳುವುದಿಲ್ಲ, ಇದು ನನಗೇ ಗೊತ್ತಿದ್ದ ಪಾಠ. ಸೀಳಿನ ಎರಡು ಅಂಚನ್ನೂ ಕತ್ತರಿಸಿ ಹಸಿ ಮಾಡಿ, ಹಸಿಗೆ ಹಸಿ ಸೇರಿಸಿ ಹೊಲಿಯಬೇಕು. ಸೂಜಿ ಕೊಟ್ಟು ಮರಗಟ್ಟಿಸಿ ಅರ್ಧ ಗಂಟೆಯಲ್ಲಿ ಮುಗಿಸಿದರು. ವಾರಕ್ಕೆ ಹೊಲಿಗೆ ತೆಗೆದರು. ಮೂರು ತಿಂಗಳು ಬಿಟ್ಟು, ಹಳೇ ಗೆರೆಯ ಮೇಲಲ್ಲ, ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಿದೆ. ಮದುವೆಯ ಆಲ್ಬಮ್ಮಿನಲ್ಲಿ ನನ್ನ ಕಿವಿ ನೋಡು. ಅದೂ ಕಾಸ್ಮೆಟಿಕ್ ಸರ್ಜರಿಯೇ. ಮಾಡಿಸಿಕೊಂಡ ಬಾಯಲ್ಲಿ ನಿನಗೆ ಹೇಗೆ ಬೇಡ ಅನ್ನಲಿ?

ಈಗ ನಿನ್ನ ಮೂಗಿಗೆ ಬರೋಣ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಉಯ್ಯಾಲೆಯಿಂದ ಮುಖ ಅಡಿಯಾಗಿ ಬಿದ್ದಾಗ ನಿನಗೆ ಏಳು ವರ್ಷ. ರಕ್ತ ನಿಂತಿತು, ಊತ ಇಳಿಯಿತು, ಅರಿಶಿನ ಹಚ್ಚಿ ಎಲ್ಲರೂ ಮರೆತೆವು. ಮೂಗು ಮರೆಯಲಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಎಡಕ್ಕೆ ವಾಲಿತು. ಕಾಲೇಜಿನಲ್ಲಿ ಯಾರೋ ಏನೋ ಹೆಸರಿಟ್ಟಿದ್ದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆದರೆ ನೀನು ಕನ್ನಡಿಯಲ್ಲಿ ನೋಡಿದ್ದು ಒಂದು, ಯುಗಾದಿಗೆ ನನ್ನ ಪಕ್ಕ ಮಲಗಿದಾಗ ನಾನು ಕೇಳಿಸಿಕೊಂಡಿದ್ದು ಇನ್ನೊಂದು. ರಾತ್ರಿಯೆಲ್ಲಾ ಬಾಯಲ್ಲಿ ಉಸಿರು. ಬೆಳಿಗ್ಗೆ ತುಟಿ ಒಣಗಿ ಬಿರಿದಿತ್ತು.

ಆವತ್ತು ನಿನ್ನ ಮೂಗಿನ ಕೆಳಗೆ ಸ್ಟೀಲ್ ತಟ್ಟೆ ಹಿಡಿದಾಗ ನೀನು ನಕ್ಕೆಯಲ್ಲ, "ದೊಡ್ಡಮ್ಮ, ಇದೇನು ಶಾಸ್ತ್ರ" ಅಂತ? ಅದು ಶಾಸ್ತ್ರವಲ್ಲ, ಇಎನ್‌ಟಿ ಓಪಿಡಿಯಲ್ಲಿ ತಣ್ಣನೆಯ ಸ್ಟೀಲ್ ಪಟ್ಟಿ ಹಿಡಿದು ನೋಡುವ ಹಳೇ ಪರೀಕ್ಷೆ. ಎರಡು ಹೊಳ್ಳೆಯ ಉಸಿರಿಗೆ ಎರಡು ಆವಿಯ ಮಚ್ಚೆ ಮೂಡಬೇಕು. ನಿನ್ನ ಬಲಗಡೆ ರೂಪಾಯಿಯಗಲ, ಎಡಗಡೆ ಬೆಂಕಿಕಡ್ಡಿಯ ತಲೆಯಷ್ಟು. ಮೂಗಿನ ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಲ್ಲಿ ತಾವೇ ಬಿಗಿಯುತ್ತವೆ, ಒಂದು ಸಲ ನೋಡಿ ತೀರ್ಮಾನ ಮಾಡಬಾರದು. ಅದಕ್ಕೇ ಬೆಳಿಗ್ಗೆ, ಊಟವಾದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಮೂರು ಸಲ ಹಿಡಿದೆ. ಮೂರು ಸಲವೂ ಎಡಗಡೆ ಅಷ್ಟೇ.

ಅಂದರೆ ಒಳಗಿನ ನಡುಗೋಡೆಯೇ ಸೊಟ್ಟಗಾಗಿದೆ. ಸೆಪ್ಟಮ್ ಅಂತಾರೆ ಅದನ್ನು. ಹೊರಗಿನ ಗೆರೆಯನ್ನಷ್ಟೇ ನೆಟ್ಟಗೆ ಮಾಡಿದರೆ ಸುಣ್ಣ ಬಳಿದ ಮನೆ ಇದ್ದಂತೆ, ಒಳಗಿನ ಗೋಡೆ ವಾಲಿಕೊಂಡೇ ಇರುತ್ತದೆ. ಕೆಲವೊಮ್ಮೆ ಮೂಗು ಸಣ್ಣ ಮಾಡಲು ಹೋಗಿ ಉಸಿರಿನ ದಾರಿಯೂ ಕಿರಿದಾಗುತ್ತದೆ. ಒಳಗೋಡೆ ಸರಿಪಡಿಸುವುದು ಸೆಪ್ಟೋಪ್ಲಾಸ್ಟಿ, ಹೊರಗಿನ ಆಕಾರ ತಿದ್ದುವುದು ರೈನೋಪ್ಲಾಸ್ಟಿ; ನಿನ್ನಂಥವರಿಗೆ ಎರಡನ್ನೂ ಒಂದೇ ಸಲಕ್ಕೆ ಮಾಡುತ್ತಾರೆ. ಒಳಗೋಡೆಯಿಂದಲೇ ತೆಗೆದ ಮೆಲುಮೂಳೆಯ ಚೂರನ್ನು ಮೂಗಿಗೆ ಆಸರೆಯಾಗಿ ಇಡುತ್ತಾರೆ, ಅದು ಸಾಲದಿದ್ದರೆ ಕಿವಿಯಿಂದ, ಇನ್ನೂ ಬೇಕಾದರೆ ಪಕ್ಕೆಲುಬಿನಿಂದ. ಆ ಕ್ಲಿನಿಕ್ಕಿನ ಚೀಟಿಯನ್ನು ಎರಡು ಸಲ ಓದಿದೆ ಅಮ್ಮಣ್ಣಿ. ಉಸಿರಾಟ ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಲೆಕ್ಕ. ಬರೀ ಅಂದಕ್ಕೆ ಮಾಡಿಸಿಕೊಂಡರೆ ಆರೋಗ್ಯ ವಿಮೆ ಒಂದು ರೂಪಾಯಿ ಕೊಡುವುದಿಲ್ಲ, ಪಾಲಿಸಿಯಲ್ಲೇ ಬರೆದಿರುತ್ತಾರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳಿಂದ ಕೆಟ್ಟದ್ದನ್ನು ಸರಿಪಡಿಸುವುದಾದರೆ, ಇಲ್ಲವೇ ಆರೋಗ್ಯಕ್ಕೆ ಬೇಕೇಬೇಕು ಅಂತ ಡಾಕ್ಟರು ಬರೆದುಕೊಟ್ಟರೆ ಮಾತು ಬೇರೆ. ನಿನ್ನ ಸಂಬಳದಲ್ಲಿ ಇಎಸ್‌ಐ ಮುರಿಯುತ್ತಾರಲ್ಲ, ಮೊದಲು ಅಲ್ಲಿಯ ಇಎನ್‌ಟಿ ಡಾಕ್ಟರಿಗೆ ತೋರಿಸು. ಕಂತಿನ ಕಾಗದಕ್ಕೆ ಸಹಿ ಹಾಕುವುದು ಆಮೇಲೆ.

ನಿನಗೊಂದು ಕತೆ ಹೇಳಬೇಕು. ನಮ್ಮ ವಾರ್ಡಿಗೆ ರೌಂಡ್ಸಿಗೆ ಬರುತ್ತಿದ್ದ ಹಿರಿಯ ಸರ್ಜನ್ ಒಬ್ಬರು ಪಿಜಿ ಹುಡುಗರಿಗೆ ಇದನ್ನು ಹೇಳುತ್ತಿದ್ದರು, ನಾನು ಡ್ರೆಸ್ಸಿಂಗ್ ಟ್ರೇ ಹಿಡಿದುಕೊಂಡು ನಿಂತು ಕೇಳಿದ್ದು. ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ, ಅದು ನಿನಗೆ ಗೊತ್ತು. ಅವನ ಮಗ ಟಿಪ್ಪುವಿಗೂ ಇಂಗ್ಲಿಷರಿಗೂ ಮೂರನೇ ಮೈಸೂರು ಯುದ್ಧ ನಡೆದಾಗ, 1791ರಲ್ಲಿ, ಕಾರ್ನ್‌ವಾಲಿಸನ ಸೈನ್ಯ ಮುಗಳಿ ಕಣಿವೆ ಹತ್ತಿ ಇದೇ ಕೋಲಾರದ ಮೇಲೆ ಹಾದು, ಹೊಸಕೋಟೆ ದಾಟಿ ಬೆಂಗಳೂರಿಗೆ ಹೋಯಿತು. ಆ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಒಬ್ಬ ಮರಾಠ. ಅವನ ಹೆಸರನ್ನು ಕಾವಸ್‌ಜಿ ಅಂತ ಬರೆದುಕೊಂಡಿದ್ದಾರೆ. ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕೊಯ್ದು ಕಳಿಸಿದರು.

ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಕಡೆ ಒಬ್ಬಾತ ಅವನಿಗೆ ಹೊಸ ಮೂಗು ಕೂರಿಸಿದ. ಆ ವೈದ್ಯ ಇಟ್ಟಿಗೆ ಸುಡುವ ಜಾತಿಯವನು, ಅಂದರೆ ನಮ್ಮ ಮಾಲೂರಿನ ಗೂಡುಗಳಲ್ಲಿ ಮಣ್ಣು ತುಳಿಯುವವರ ಕಸುಬು. ಕೈ ನೋಡು ಅವನದು. ಮೂಗಿನ ಬುಡದ ಮೇಲೆ ಮೇಣದ ತೆಳು ಹಾಳೆ ಇಟ್ಟು ಮೂಗಿನ ಆಕಾರ ತಿದ್ದಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಗುಂಟ ಹಣೆಯ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಪಟ್ಟಿ ಕತ್ತರಿಸದೆ ಉಳಿಸಿದ, ರಕ್ತ ಬರುವ ದಾರಿಗಾಗಿ. ಮೂಗಿನ ಬುಡದ ಹಳೇ ಗಾಯವನ್ನು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಚಿ ಕೆಳಗಿಳಿಸಿ ಅಲ್ಲಿ ಸೇರಿಸಿದ. ನನ್ನ ಕಿವಿಯದೇ ಪಾಠ, ಹಸಿಗೆ ಹಸಿ. ಮೇಲೆ ಏನು ಮೆತ್ತಿದ ಅಂತೀಯಾ? ಕಾಚು! ಎಲೆ ಅಡಿಕೆಗೆ ಹಾಕುತ್ತಾರಲ್ಲ, ಅದೇ ಕಾಚನ್ನು ನೀರಲ್ಲಿ ನೆನೆಸಿ ಬಟ್ಟೆಪಟ್ಟಿಗೆ ಸವರಿ ಐದಾರು ಪದರ ಇಟ್ಟ. ನಾಲ್ಕು ದಿನ ಅದೇ ಪಟ್ಟು, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆ ಮುಚ್ಚದಂತೆ ಮೆತ್ತನೆ ಬಟ್ಟೆಯ ತುಂಡು ತುರುಕಿದ. ಇಪ್ಪತ್ತೈದನೇ ದಿನದ ಹೊತ್ತಿಗೆ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸಿದ.

ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರದ ಸಮೇತ ಸುದ್ದಿ ಬಂತು. ಇಪ್ಪತ್ತು ವರ್ಷದ ಮೇಲೆ, 1814ರಲ್ಲಿ, ಜೋಸೆಫ್ ಕಾರ್‌ಪ್ಯೂ ಅನ್ನುವ ಸರ್ಜನ್ ಅಲ್ಲಿ ಇದೇ ರೀತಿ ಮೂಗು ಮಾಡಿದ, 1816ರಲ್ಲಿ ಪುಸ್ತಕ ಬರೆದ. ಸುಶ್ರುತ ಸಂಹಿತೆಯಲ್ಲಿ ಎಲೆಯ ಅಳತೆ ಹಿಡಿದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮವಿದೆ. ಅದು ಯಾವ ಯಾವ ಕೈ ದಾಟಿ, ಕೆನ್ನೆಯಿಂದ ಹಣೆಗೆ ಏರಿ, ಈ ಇಟ್ಟಿಗೆಯವನ ತನಕ ಬಂತೋ. ಅವನ ಹೆಸರನ್ನು ಮಾತ್ರ ಆ ಸುದ್ದಿಯಲ್ಲಿ ಬರೆಯಲಿಲ್ಲ. ಎತ್ತು ಹೊಡೆಯುವವನ ಹೆಸರಿದೆ, ನೋಡಿದವರ ಹೆಸರಿದೆ, ಮೂಗು ಮಾಡಿದವನ ಹೆಸರಿಲ್ಲ. ಇವತ್ತಿಗೂ ಕ್ಯಾನ್ಸರಿಗೋ ಅಪಘಾತಕ್ಕೋ ಮೂಗು ಕಳಕೊಂಡವರಿಗೆ ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಪಟ್ಟಿ ಕತ್ತರಿಸುವುದು ಮೂರು ವಾರದ ಹೊತ್ತಿಗೆ. ಹೆಚ್ಚೇನು ಬದಲಾಗಿಲ್ಲ.

ಪ್ಲಾಸ್ಟಿಕ್ ಸರ್ಜರಿ ಅಂದರೆ ಒಳಗೆ ಪ್ಲಾಸ್ಟಿಕ್ ಇಡುತ್ತಾರೆ ಅಂತ ನಿಮ್ಮ ತಾತ ಕೊನೆತನಕ ನಂಬಿದ್ದರು. ಅದು ಗ್ರೀಕ್ ಮಾತಂತೆ, ಮೆತ್ತನೆಯದನ್ನು ರೂಪಕ್ಕೆ ತರುವುದು ಅಂತ ಅರ್ಥ. ಇಟ್ಟಿಗೆಯವನ ಕೈಗೆ ಅದು ಬಂದದ್ದರಲ್ಲಿ ಆಶ್ಚರ್ಯವೇನಿದೆ!

ಕಾಚಿನ ಮಾತು ಬಂತು, ಇನ್ನು ತಡೆಯಲಾರೆ. ಮೂಗು ಉಳಿಸಿದ ಆ ಕಾಚು ಬಾಯೊಳಗೆ ಯಾವ ಸಹವಾಸದಲ್ಲಿ ಇರುತ್ತದೆ ಅನ್ನುವುದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಮ್ಮ ಜಿಲ್ಲೆಯ ಹೆಂಗಸರಲ್ಲಿ ಇನ್ನೊಂದು ಅಭ್ಯಾಸ, ಅದನ್ನು ಕೆನ್ನೆಯ ಸಂದಿಯಲ್ಲಿ ಒತ್ತಿಕೊಂಡೇ ನಿದ್ದೆ ಹೋಗುವುದು. ರಾತ್ರಿಯೆಲ್ಲಾ ಅಲ್ಲೇ. ಟಮಕದ ಜಾಲಪ್ಪ ಆಸ್ಪತ್ರೆಯ ವೈದ್ಯರು ಇದನ್ನು ವರ್ಷಗಟ್ಟಲೆ ಗಮನಿಸಿ ವೈದ್ಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಬೇರೆ ಕಡೆ ಬಾಯಿ ಕ್ಯಾನ್ಸರ್ ಅಂದರೆ ಗಂಡಸರ ರೋಗ. ಇಲ್ಲಿ ವಾರ್ಡು ತುಂಬಾ ಹೆಂಗಸರು.

ಒಬ್ಬಾಕೆಯ ವಿಷಯ ಹೇಳುತ್ತೇನೆ. ಮುಳಬಾಗಿಲು ಕಡೆಯವಳು, ಟೊಮೆಟೊ ತೋಟದ ಕೂಲಿ, ಐವತ್ತರ ಆಸುಪಾಸು. ಬಲಗೆನ್ನೆಯಲ್ಲಿ ಹುಣ್ಣು, ಹೊರಗಿನ ಚರ್ಮದವರೆಗೆ ಬಂದುಬಿಟ್ಟಿತ್ತು. ಕೆನ್ನೆಯನ್ನೂ ಕೆಳದವಡೆಯ ಒಂದು ಭಾಗವನ್ನೂ ಕತ್ತಿನ ಗಂಟುಗಳನ್ನೂ ತೆಗೆಯಬೇಕಾಯಿತು. ತೆಗೆದ ಮೇಲೆ ಅಲ್ಲಿ ಉಳಿಯುವುದು ಬಾಗಿಲಿಲ್ಲದ ಕಿಟಕಿ. ಅದಕ್ಕೆ ಎದೆಯ ಚರ್ಮವನ್ನು, ಅದರ ಅಡಿಯ ಮಾಂಸಖಂಡದ ಸಮೇತ, ರಕ್ತನಾಳ ಕಡಿಯದೆ, ಕುತ್ತಿಗೆಯ ಚರ್ಮದಡಿ ಸುರಂಗ ಮಾಡಿ ಮೇಲಕ್ಕೆ ತಂದು ಕೆನ್ನೆಗೆ ಹೊಲಿದರು. ಪೆಕ್ಟೊರಾಲಿಸ್ ಫ್ಲ್ಯಾಪ್ ಅಂತಾರೆ. ಅಮೆರಿಕದ ಸ್ಟೀಫನ್ ಆರಿಯನ್ 1979ರಲ್ಲಿ ಬರೆದ ಮೇಲೆ ಊರೂರಿಗೆ ಹಬ್ಬಿದ್ದು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮುಂಗೈಯಿಂದ, ತೊಡೆಯಿಂದ ಚರ್ಮವನ್ನು ಪೂರಾ ಬಿಡಿಸಿ ತಂದು ಮೈಕ್ರೋಸ್ಕೋಪಿನಡಿ ಕತ್ತಿನ ರಕ್ತನಾಳಕ್ಕೆ ಸೇರಿಸುತ್ತಾರೆ. ಕಾಲಿನ ಸಣ್ಣ ಮೂಳೆಯನ್ನು ತುಂಡರಿಸಿ ಜೋಡಿಸಿ ದವಡೆ ಮಾಡುತ್ತಾರೆ. ಫ್ಯಾಕ್ಟರಿಯಲ್ಲಿ ಲೆನ್ಸಿನ ಕೆಳಗೆ ಎಳ್ಳಿನಷ್ಟು ಸ್ಕ್ರೂ ಕೂರಿಸುವ ನಿನಗೆ ಆ ಕೆಲಸದ ಕಷ್ಟ ಹೇಳಬೇಕಾಗಿಲ್ಲ. ನಮ್ಮಲ್ಲಿ ಆಗ ಎದೆಯ ಫ್ಲ್ಯಾಪೇ ಗತಿ. ಗಂಡಸರಾದರೆ ಎದೆಗೂದಲು ಬಾಯೊಳಗೆ ಬೆಳೆಯುತ್ತಿತ್ತು, ಹೆಂಗಸರಾದರೆ ಒಂದು ಮೊಲೆ ಮೇಲಕ್ಕೆ ಜಗ್ಗಿಕೊಳ್ಳುತ್ತಿತ್ತು. ಒಂದು ಕಡೆ ಕಟ್ಟಲು ಇನ್ನೊಂದು ಕಡೆ ಕೀಳಲೇಬೇಕು. ಈ ಲೆಕ್ಕ ನಿನ್ನ ಮೂಗಿಗೂ ಇದೆ, ಸಣ್ಣದು ಅಷ್ಟೇ.

ಮೊದಲ ರಾತ್ರಿಗಳು ನರ್ಸುಗಳ ಪಾಲು. ಗಂಟೆಗೊಮ್ಮೆ ಹೋಗಿ ಫ್ಲ್ಯಾಪಿನ ಮೇಲೆ ಬೆರಳೊತ್ತಿ ಬಿಡಬೇಕು. ಬಿಳಿಚಿಕೊಂಡು ಮೆಲ್ಲಗೆ ಬಣ್ಣ ತಿರುಗಿದರೆ ಸರಿ. ನೀಲಿಗಟ್ಟಿದರೆ ಬಂದ ರಕ್ತ ವಾಪಸು ಹೋಗುತ್ತಿಲ್ಲ. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಲೇ ಇಲ್ಲ. ಅನುಮಾನವಾದರೆ ಡಾಕ್ಟರು ಸೂಜಿಮೊನೆ ಚುಚ್ಚಿ ನೋಡುತ್ತಿದ್ದರು, ಕೆಂಪು ಹನಿ ಬಂತೋ ಕಪ್ಪು ಹನಿ ಬಂತೋ ಅಂತ. ಆಕೆಯದು ಕೆಂಪಗೇ ಬಂತು. ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ ಬಿಡುತ್ತಿದ್ದೆ. ಮಾತಾಡಲಾಗದು, ಕೈಯಲ್ಲಿ ಉಂಡೆ ಕಟ್ಟಿ, ಅದ್ದಿ, ನುಂಗುವ ಸನ್ನೆ ಮಾಡಿ ತೋರಿಸಿದಳು. ಸಂಗಟಿ ತಿನ್ನಬಹುದಾ ಅಂತ. ಆ ಕಡೆಯವರು ಮುದ್ದೆಗೆ ಸಂಗಟಿ ಅಂತಾರೆ.

ನೋಡು, ಬಡವರಿಗೆ ಮುದ್ದೆಯ ಚಿಂತೆ, ಮುಖದ ಚಿಂತೆ ನಮ್ಮಂಥವರಿಗೆ ಅಂತ ನಾನೂ ಅವತ್ತು ಅಂದುಕೊಂಡೆ. ಎರಡು ದಿನ ಕಳೆದ ಮೇಲೆ ಕನ್ನಡಿ ಕೇಳಿದಳು. ನಮ್ಮ ವಾರ್ಡಿನ ಬಚ್ಚಲಲ್ಲಿ ಕನ್ನಡಿ ಇಡುತ್ತಿರಲಿಲ್ಲ, ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ನನ್ನ ಬ್ಯಾಗಿನ ಪೌಡರ್ ಡಬ್ಬಿಯ ಕನ್ನಡಿ ಕೊಟ್ಟೆ. ಕೆನ್ನೆಯ ಮೇಲೆ ಬೇರೆ ಬಣ್ಣದ ತೇಪೆ, ಸುತ್ತ ಹೊಲಿಗೆ. ಅವಳು ಅದನ್ನು ಒಂದು ಸಲ ನೋಡಿದಳು. ಆಮೇಲೆ ಕನ್ನಡಿ ಓರೆ ಮಾಡಿ ಮೂಗಿನ ಎಡಹೊಳ್ಳೆಯನ್ನು ತುಂಬಾ ಹೊತ್ತು ನೋಡಿದಳು. ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಮೂಗುಬೊಟ್ಟು ಬಿಚ್ಚಿಸಿದ್ದೆವು, ತೂತು ಮುಚ್ಚಿಹೋಗುತ್ತಿತ್ತು. ಮಾರನೇ ದಿನ ನೋಡಿದರೆ ಆ ತೂತಿನಲ್ಲಿ ಪೊರಕೆಕಡ್ಡಿಯ ಚೂರು! ಮಗಳ ಕೈಲಿ ಚುಚ್ಚಿಸಿಕೊಂಡಿದ್ದಾಳೆ. ಸೆಪ್ಟಿಕ್ ಆಗುತ್ತೆ ಅಂತ ನಾನು ಬೈದು ಕಿತ್ತೆಸೆದೆ, ಸ್ಪಿರಿಟ್ಟಿನಲ್ಲಿ ಒರೆಸಿ ಅವಳ ಮೂಗುಬೊಟ್ಟನ್ನೇ ಹಾಕಿದೆ. ಆರು ತಿಂಗಳಾದ ಮೇಲೆ ಓಪಿಡಿಗೆ ಬಂದಳು. ಲೋಟದಲ್ಲಿ ನೀರು ಕೊಟ್ಟೆ, ಕುಡಿಯುವಾಗ ತುಟಿಯಂಚಿಂದ ಸೋರುತ್ತಾ ಅಂತ ನೋಡಲು. ಇದು ನನ್ನ ಪರೀಕ್ಷೆ. ಸ್ವಲ್ಪ ಸೋರಿತು, ಸೆರಗಲ್ಲಿ ಒರೆಸಿಕೊಂಡು ನಕ್ಕಳು. ಪೌಡರ್ ಹಚ್ಚಿಕೊಂಡಿದ್ದಳು, ತೇಪೆಗೂ ಸೇರಿಸಿ.

ಆವತ್ತಿನಿಂದ ಯಾರಾದರೂ ಚಂದಕ್ಕೆ ಆಪರೇಷನ್ನು ಅಂದರೆ ನನಗೆ ನಗು ಬರುವುದಿಲ್ಲ. ಚಂದ ಬೇಕು, ಎಲ್ಲರಿಗೂ ಬೇಕು. ಆದರೆ ಮುಖ ಕೆಲಸ ಮಾಡುವ ಅಂಗ. ಬಾಯಿ ನೀರು ಹಿಡಿಯಬೇಕು, ರೆಪ್ಪೆ ಪೂರ್ತಿ ಮುಚ್ಚಬೇಕು, ಮೂಗು ಉಸಿರಾಡಬೇಕು. ಅದು ನೆಟ್ಟಗಿದ್ದರೆ ಚಂದದ ಅರ್ಧ ತಾನಾಗಿ ಬರುತ್ತದೆ.

ಬಾಯಿಯ ಮಾತು ಬಂತಲ್ಲ, ನಿನ್ನ ತಮ್ಮನಿಗೆ ಒಂದು ಕೆಲಸ ಹೇಳು. ತನ್ನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲಿ. ಹೋಗದಿದ್ದರೆ ನನಗೆ ಫೋನ್ ಮಾಡು. ಗುಟ್ಕಾ 2013ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧವಾಯಿತು, ಪಾನ್ ಮಸಾಲ ಒಂದು ಪೊಟ್ಟಣ ತಂಬಾಕು ಒಂದು ಪೊಟ್ಟಣವಾಗಿ ಗೂಡಂಗಡಿಯಲ್ಲಿ ತೂಗಾಡುತ್ತಲೇ ಇದೆ. ಅವನ ಜೇಬಿನ ವಿಷಯ ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ. ಅಡಿಕೆಗೆ ಕೆನ್ನೆಯ ಒಳಪದರ ಬಿಳಿಚಿ ನಾರುಗಟ್ಟುತ್ತದೆ, ಬಾಯಿ ದಿನೇ ದಿನೇ ಮುಚ್ಚುತ್ತಾ ಬರುತ್ತದೆ. ಆ ಪಟ್ಟಿಯನ್ನು ಕತ್ತರಿಸಿ ಬಿಡಿಸುತ್ತಾರೆ, ಆದರೆ ಬಾಯಿ ತೆರೆಯುವ ವ್ಯಾಯಾಮ ಬಿಟ್ಟರೆ ಮತ್ತೆ ಮುಚ್ಚುತ್ತದೆ. ಹೆಲ್ಮೆಟ್ಟಿನ ಮಾತೂ ಸೇರಿಸು. 75ನೇ ಹೈವೇಯಲ್ಲಿ ಬಿದ್ದು ದವಡೆ ಮುರಿದ ಹುಡುಗರು ಹಲ್ಲಿಗೆ ತಂತಿ ಬಿಗಿಸಿಕೊಂಡು ನಾಲ್ಕೈದು ವಾರ ಸ್ಟ್ರಾದಲ್ಲಿ ಸಾರು ಹೀರುವುದನ್ನು ಬೇಕಾದಷ್ಟು ನೋಡಿದ್ದೇನೆ.

ನಿನ್ನ ಗೆಳತಿಯ ಮಗುವಿನ ಸೀಳುತುಟಿ ವಿಷಯ ಕೇಳಿದ್ದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ತಾಯಿಯನ್ನು ಯಾರೂ ಅನ್ನದಿರಲಿ. ತುಟಿಯನ್ನು ಮೂರರಿಂದ ಆರು ತಿಂಗಳೊಳಗೆ ಹೊಲಿಯುತ್ತಾರೆ, ಅಂಗುಳ ಸೀಳಿದ್ದರೆ ಅದನ್ನು ಒಂದೂವರೆ ವರ್ಷದೊಳಗೆ, ಮಾತು ಕಲಿಯುವ ಮುಂಚೆ. ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲಿ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅಂಗನವಾಡಿಗೆ ಬರುವ ಸರ್ಕಾರದ ತಪಾಸಣೆ ತಂಡಕ್ಕೆ ಹೇಳಿದರೂ ಕಳಿಸಿಕೊಡುತ್ತಾರೆ. ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಸಾಲ ಮಾಡಿ ಹೊಲ ಮಾರುವ ಮುಂಚೆ ಜನ ಇದನ್ನು ಕೇಳುವುದೇ ಇಲ್ಲ.

ನಿನ್ನದಕ್ಕೆ ವಾಪಸು ಬರುತ್ತೇನೆ. ಯಾರು ಮಾಡುತ್ತಾರೆ ಅನ್ನುವುದೇ ಮುಖ್ಯ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಆದವರು, ಇಲ್ಲವೇ ಮೂಗಿನ ಕೆಲಸದಲ್ಲಿ ಪಳಗಿದ ಇಎನ್‌ಟಿ ಸರ್ಜನ್; ದವಡೆಯದಾದರೆ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದ ದಂತವೈದ್ಯರು. ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಕೇಳು, ಕೇಳಿದರೆ ಮುಖ ಗಂಟಿಕ್ಕುವ ಕಡೆ ಕೂರಬೇಡ. ಅರಿವಳಿಕೆ ಕೊಡುವವರು ಯಾರು, ಏನಾದರೂ ಆದರೆ ಐಸಿಯು ಎಲ್ಲಿದೆ, ಇದನ್ನೂ ಕೇಳು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರಲ್ಲ, ಮನೆಯಲ್ಲಿ ಹೇಳದೆ ಹೋಗಿದ್ದರು ಅಂತ ಪೇಪರಿನಲ್ಲಿ ಬಂದಿತ್ತು. ನೀನು ಫೋಟೋ ಕಳಿಸಿದೆಯಲ್ಲ, ಅಷ್ಟಕ್ಕೇ ನನಗೆ ಅರ್ಧ ಸಮಾಧಾನ.

"ಕತ್ತರಿಸುವುದೇ ಬೇಡ, ಹತ್ತು ನಿಮಿಷದ ಇಂಜೆಕ್ಷನ್" ಅಂತಲೂ ಚೀಟಿಯಲ್ಲಿದೆ. ಅದು ಫಿಲ್ಲರ್. ಸೊಟ್ಟಗಿರುವ ಕಡೆ ತುಂಬಿ ನೆಟ್ಟಗೆ ಕಾಣಿಸುತ್ತಾರೆ, ಕೆಲವು ತಿಂಗಳಿಗೆ ಕರಗುತ್ತದೆ. ಮೂಗಿನ ಸುತ್ತಲಿನ ರಕ್ತನಾಳಗಳು ಕಣ್ಣಿನ ನಾಳಗಳ ಜೊತೆ ಕೂಡಿಕೊಂಡಿವೆ. ತಪ್ಪಿ ನಾಳದೊಳಗೆ ಹೋದರೆ ಚರ್ಮ ಸಾಯುತ್ತದೆ, ಕಣ್ಣೇ ಹೋದದ್ದೂ ಉಂಟು. ಅಪರೂಪ, ಆದರೆ ಆಗುತ್ತದೆ. ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಂತೂ ಬೇಡವೇ ಬೇಡ.

ಆಪರೇಷನ್ನೇ ಆದರೆ ಒಂದು ವಾರ ಮೂಗಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ನೇರಳೆ ಹಣ್ಣಿನ ಬಣ್ಣ. ಬಗ್ಗಿ ಭಾರ ಎತ್ತುವಂತಿಲ್ಲ, ಒಂದು ತಿಂಗಳಿಗೂ ಹೆಚ್ಚು ಕಾಲ ಕನ್ನಡಕ ಮೂಗಿನ ಮೇಲೆ ಕೂರಿಸುವಂತಿಲ್ಲ. ನಿನ್ನ ಲೈನಿನಲ್ಲಿ ರಕ್ಷಣೆಯ ಕನ್ನಡಕ ಕಡ್ಡಾಯವಲ್ಲವಾ, ರಜೆಯ ಲೆಕ್ಕ ಹಾಗೆ ಹಾಕು. ಊತ ಪೂರಾ ಇಳಿದು ಕೊನೆಯ ಆಕಾರ ಕಾಣಲು ಒಂದು ವರ್ಷ ಬೇಕು. ಆಗಲೂ ಆ್ಯಪಿನ ಮೂಗು ಬರುವುದಿಲ್ಲ, ನಿನ್ನ ಮೂಗೇ, ನೆಟ್ಟಗೆ. ನಮ್ಮಪ್ಪನ ಅಗಲ ಹೊಳ್ಳೆ ಅದರಲ್ಲಿದೆ, ಅದನ್ನು ಸಣ್ಣ ಮಾಡಿಸುವುದಿದ್ದರೆ ನನಗೆ ಹೇಳಬೇಡ, ಬೇಜಾರಾಗುತ್ತದೆ. ಮಾಡಿಸಿಕೋ, ನನಗೆ ಹೇಳಬೇಡ ಅಷ್ಟೇ.

ನಿಮ್ಮಮ್ಮ ಯಾಕೆ ಅತ್ತಳು ಅಂತ ಯೋಚಿಸಿದೆಯಾ? ಅವಳು ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ, ಅದನ್ನು ನಾಚಿಕೆ ಸ್ವಭಾವ ಅಂತಲೇ ನಿಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೀರಿ. ಅವಳ ಮದುವೆ ಫೋಟೋದಲ್ಲಿ ಒಂದರಲ್ಲೂ ಹಲ್ಲು ಕಾಣುವುದಿಲ್ಲ. ನಾನು ಅವಳಿಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ನಾನು ಮಗುವಾಗಿದ್ದಾಗ ಊರಲ್ಲಿ ಸೇದುವ ಬಾವಿಯಿತ್ತು. ಅವಳು ಹುಟ್ಟುವ ಹೊತ್ತಿಗೆ ಬಾವಿ ಬತ್ತಿ ಬೋರ್‌ವೆಲ್ ಬಂತು. ಆಳಕ್ಕೆ ಇಳಿದಷ್ಟೂ ಬಂಡೆಯ ಫ್ಲೋರೈಡು ನೀರಿಗೆ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ, ಆಗ ಯಾರು ಅಳೆದರು? ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಕುಡಿದ ನೀರು ಹಲ್ಲಿನ ಮೇಲೆ ಕಂದು ಗೆರೆ ಬರೆದುಬಿಡುತ್ತದೆ. ಒಂದೇ ತಾಯಿಯ ಮಕ್ಕಳು ನಾವು, ನನ್ನ ಹಲ್ಲು ಬೆಳ್ಳಗೆ, ಅವಳದು ಕಂದು. ಇಪ್ಪತ್ತನೇ ವಯಸ್ಸಿನಲ್ಲಿ ಅವಳು ನಮ್ಮಪ್ಪನನ್ನು ಒಂದು ಸಲ ಕೇಳಿದ್ದಳು, ಪೇಟೆಯ ಹಲ್ಲಿನ ಡಾಕ್ಟರಿಗೆ ತೋರಿಸೋಣವಾ ಅಂತ. ಚಂದ ಇಟ್ಟುಕೊಂಡು ಏನು ಮಾಡ್ತೀಯ ಅಂದರು ಅಪ್ಪ. ನಾನು ಪಕ್ಕದಲ್ಲೇ ಇದ್ದೆ, ಸಂಬಳ ತರುತ್ತಿದ್ದೆ, ಬಾಯಿ ಬಿಡಲಿಲ್ಲ.

ಈಗ ಅದಕ್ಕೆ ಕತ್ತರಿ ಬೇಡ. ಕಲೆ ತೆಳ್ಳಗಿದ್ದರೆ ಮೇಲ್ಪದರ ಉಜ್ಜಿ ತೆಗೆಯುತ್ತಾರೆ, ಬ್ಲೀಚ್ ಮಾಡುತ್ತಾರೆ. ಗಾಢವಾಗಿದ್ದರೆ ಮುಂದಿನ ಹಲ್ಲುಗಳಿಗೆ ಹಲ್ಲಿನ ಬಣ್ಣದ ತೆಳು ಹೊದಿಕೆ ಕೂರಿಸುತ್ತಾರೆ. ನಿನ್ನ ಮೂಗಿನ ಖರ್ಚಿನಲ್ಲಿ ಅದು ಸಣ್ಣ ಪಾಲು, ಆ ಪಾಲು ನನ್ನದು. ಇಷ್ಟು ವರ್ಷ ತಡವಾಗಿ.

ಬರುವ ಭಾನುವಾರ ಇಬ್ಬರೂ ಬನ್ನಿ. ಹಿಂದಿನ ದಿನ ಸಂಜೆಯೇ ಬಂದರೆ ಒಳ್ಳೆಯದು, ತಟ್ಟೆ ಇನ್ನೊಂದು ಸಲ ಹಿಡಿದು ನೋಡುತ್ತೇನೆ. ಹಲ್ಲಿನ ವಿಷಯ ನಿಮ್ಮಮ್ಮನಿಗೆ ಹೇಳಬೇಡ, ಹೇಳಿದರೆ ಬಸ್ಸು ಹತ್ತುವುದಿಲ್ಲ. ನಿನ್ನ ಮೂಗಿಗೆ ಅಂತ ಹೇಳಿ ಕರೆದುಕೊಂಡು ಬಾ, ಬೈಯುವುದಕ್ಕಾದರೂ ಬರುತ್ತಾಳೆ.

ನಿನ್ನ
ದೊಡ್ಡಮ್ಮ